ಆಲಿಕಲ್ಲೆಂಬ ಕುದುರೆಯ ಮೇಲೆ

ಮೂರು ರಾತ್ರಿ ಕೂತು ಬರೆದ ಪ್ರಸಂಗ
ಸೆಂಕುನ್ಯಾನೆ ಹೊಳೆ ದಾಟುವಾಗ ತೊಯ್ದುಹೋಯಿತು.
ನೀರು ಒಯ್ದಿದ್ದರೂ ಚೆನ್ನಿತ್ತು;
ಒಳಜೇಬಿನಲ್ಲೇ ಉಳಿದು, ಒಂದಕ್ಕೊಂದು ಅಂಟಿ,
ಶಾಯಿ ಬಿಟ್ಟು, ಹಿಟ್ಟಿನ ಮುದ್ದೆಯ ಹಾಗಾಗಿದೆ.
ಹನ್ನೊಂದು ಹಾಳೆ.
ವಿಷಯ: ದೇವರ ಮೇಲೆ ಭಾರ ಹಾಕುವುದು.

ನಗು ಬಂತು. ಮೊಖೆಥಿಯೂ ನಕ್ಕ,
ಮುಂದೆ ದಾರಿ ತೋರಿಸುವ ಹನ್ನೆರಡರ ಪೋರ.
ಅವನ ನಗುವಿಗೆ ಕಾರಣ ಬೇರೆ: ನನ್ನ ಬೂಟಿನಿಂದ
ಒಂದು ಸಣ್ಣ ಮೀನು ಹೊರಬಿದ್ದಿತ್ತು.

ಆಮೇಲೆ ಮಲೋಟಿ ಬೆಟ್ಟದ ಮಂಜು.
ಬಲಕ್ಕೆ ಬಂಡೆ, ಎಡಕ್ಕೆ ಏನೂ ಇಲ್ಲ.
ಕುದುರೆಯ ಕಿವಿಗಳಾಚೆ ಲೋಕವೇ ಇರಲಿಲ್ಲ.
ಲಗಾಮು ಜಗ್ಗಿದೆ. ಇನ್ನೂ ಜಗ್ಗಿದೆ.
ಸೆಫಾಕೊ, ಆಲಿಕಲ್ಲೆಂದು ಹೆಸರಾದ ಕುದುರೆ,
ತಲೆ ಒದರಿ, ಒಂದು ಹೆಜ್ಜೆ ಶೂನ್ಯದ ಕಡೆಗೆ ಜಾರಿತು.
"ಬಿಡು ಮೊರುತಿ" ಎಂದ ಹುಡುಗ ಮಂಜಿನೊಳಗಿಂದ.
(ಮೊರುತಿ ಎಂದರೆ ಪಾದ್ರಿ; ನಾನೇ. ಇನ್ನೂ ಮೈಗೆ ಒಗ್ಗದ ಅಂಗಿ.)
"ನಿನಗೆ ಕಾಣುತ್ತದೆಯೆ? ಇಲ್ಲ ತಾನೆ?
ಮತ್ತೆ ಅದಕ್ಕೆ ಯಾಕೆ ದಾರಿ ಹೇಳುತ್ತೀ?"

ಬಿಟ್ಟೆ.
ನಂಬಿ ಬಿಟ್ಟೆನೆಂದರೆ ಸುಳ್ಳಾದೀತು;
ಬೆರಳು ಮರಗಟ್ಟಿದ್ದವು, ಅದಕ್ಕೇ ಬಿಟ್ಟೆ.

ಆ ಭಯದ ನಡುವೆಯೂ, ಕರ್ತನೇ,
ನನ್ನೊಳಗೊಬ್ಬ ಗುಮಾಸ್ತ ಪೆನ್ಸಿಲು ಚೂಪು ಮಾಡಿಕೊಂಡ:
ಲಗಾಮು, ಮಂಜು, ಕುದುರೆ, ಒಳ್ಳೆ ದೃಷ್ಟಾಂತ,
ಭಾನುವಾರಕ್ಕಾಯಿತು.
ಇದೇ ನನ್ನ ರೋಗ.
ಮೊರಿಜಾದಲ್ಲಿ ಓದಿದ ನಾಲ್ಕು ವರ್ಷದಲ್ಲಿ ಅಂಟಿದ್ದು.
ತೊಟ್ಟಿಲು ಕಂಡರೂ ಹೆಣ ಕಂಡರೂ
ಇದರಿಂದ ಏನು ಹೇಳಬಹುದು ಎಂದೇ ಮೊದಲ ಲೆಕ್ಕ.
ಅಮ್ಮ ಸತ್ತ ದಿನವೂ...
ಬೇಡ. ಅದನ್ನು ಇಲ್ಲಿ ಬರೆಯಲಾರೆ.

ಹಾ ಸೆಕಾಂತ್ಸಿಯ ಪ್ರಾರ್ಥನಾಲಯಕ್ಕೆ ತಗಡಿನ ಮಾಡು.
ಮೂಲೆಯಲ್ಲಿ ಜೋಳದ ಮೂಟೆ,
ಪೀಠದ ಕೆಳಗೆ ಕಾವಿಗೆ ಕೂತ ಕೋಳಿ; ಎಬ್ಬಿಸಬೇಡಿ ಎಂದರು.
ಕಂಬಳಿ ಹೊದ್ದ ಒಂಬತ್ತು ಜನ.
ಹೊಗೆ, ಒದ್ದೆ ಉಣ್ಣೆ, ಬಹಳ ಹೊತ್ತು ಕಾದವರ ವಾಸನೆ.
ಜೇಬಿಗೆ ಕೈ ಹಾಕಿ ಮುದ್ದೆಯನ್ನು ಮುಟ್ಟಿದೆ.

ಬಾಯಿ ತೆರೆಯುವ ಮೊದಲೇ ಎದ್ದಳು ಮಾಪುಲೆಂಗ್.
ಗಂಡ ಗಡಿಯಾಚೆಯ ಚಿನ್ನದ ಗಣಿಗೆ ಇಳಿದು
ಹತ್ತೊಂಬತ್ತು ವರ್ಷ. ಮೇಲೆ ಬಂದದ್ದು
ಅವನ ಹೆಲ್ಮೆಟ್ಟಿನ ಸಂಖ್ಯೆ, ಒಂದು ಕಾಗದದಲ್ಲಿ.
"ಮೊರುತಿ, ಅವನು ಎಲ್ಲಿದ್ದಾನೆ ಅಂತ ಹೇಳಬೇಡ.
ನಿನಗಿಂತ ಮುಂಚಿನ ಮೂವರೂ ಹೇಳಿದ್ದಾರೆ.
ಯಾಕೆ ಅಂತಲೂ ಬೇಡ.
ಅವನ ಹೆಸರು ಗಟ್ಟಿಯಾಗಿ ಕೂಗು.
ಈ ಮಾಡಿನ ಕೆಳಗೆ ಅದನ್ನು ಯಾರೂ ಕೂಗಿಲ್ಲ.
ಮಣ್ಣು ಮಾಡುವಾಗ ಕೂಗುತ್ತಾರಲ್ಲ, ಹಾಗೆ."

ಮೊಲಹ್ಲೇಹಿ.
ಕಳೆದುಹೋದವನು ಎಂದರ್ಥ.
ಮುಂಚಿನ ಮಕ್ಕಳು ತೀರಿಕೊಂಡಾಗ
ಸಾವು ಮೂಸಿ ನೋಡದೆ ಹೋಗಲೆಂದು ಇಡುವ ಹೆಸರು.
ನನ್ನದೂ ಅದೇ ಜಾತಿಯದು: ತ್ಸೆಲಿಸೊ, ಸಾಂತ್ವನ.
ಅಣ್ಣನನ್ನು ಮಣ್ಣಿಗಿಟ್ಟು ನನ್ನನ್ನು ಹಡೆದಳು ಅಮ್ಮ;
ಇಪ್ಪತ್ತಾರು ವರ್ಷದಿಂದ ಆ ಹೆಸರಿನ ಸಾಲ ತೀರಿಸುತ್ತಿದ್ದೇನೆ.

ಕೂಗಿದೆ.
ದನಿ ಒಡೆಯಿತು, ಕೋಳಿ ಬೆಚ್ಚಿತು, ತಗಡು ಗುಂಯ್‌ಗುಟ್ಟಿತು.
ಮತ್ತೊಮ್ಮೆ ಎಂದಳು. ಮತ್ತೊಮ್ಮೆ.
ಮೂರನೆಯ ಸಲಕ್ಕೆ ಒಂಬತ್ತೂ ಜನ ಕೂಗಿದರು.
ಗುಮಾಸ್ತ ಸುಮ್ಮನಿದ್ದ;
ಅಥವಾ ಇದ್ದನೋ ಇಲ್ಲವೋ, ನಾನು ನೋಡಲಿಲ್ಲ.
ಅವಳು ಕಂಬಳಿ ಎಳೆದುಕೊಂಡು ಕೂತಳು,
ಕೆಲಸ ಮುಗಿಸಿದವಳ ಹಾಗೆ. ಯಾರೋ ಹಾಡು ಎತ್ತಿಕೊಂಡರು,
ಶ್ರುತಿ ತಪ್ಪಿ. ಯಾರೂ ಸರಿಪಡಿಸಲಿಲ್ಲ.

ನಾನು ಪ್ರಸಂಗ ಮಾಡಲಿಲ್ಲ. ಬೇಕೆಂದು ಯಾರೂ ಕೇಳಲೂ ಇಲ್ಲ.

ಈಗ ರಾತ್ರಿ. ಸಗಣಿ ಬೆಂಕಿಯ ಪಕ್ಕ
ಹಾಳೆಗಳನ್ನು ಬಿಡಿಸಿ ಒಣಗಲಿಟ್ಟಿದ್ದೇನೆ, ಆಸೆ ಬಿಡದೆ.
ಒಂದರಲ್ಲಿ 'ಭಾರ' ಎಂಬ ಮಾತು ಮಾತ್ರ ಉಳಿದಿದೆ.
ನಿನ್ನ ಮೇಲೆ ಹಾಕಿದ್ದೇನೆಯೆ? ಗೊತ್ತಿಲ್ಲ.
ಇವತ್ತು ನನ್ನನ್ನು ಹೊತ್ತದ್ದು ಕಣ್ಣಿಗೆ ಕಂಡಂತೆ ಸೆಫಾಕೊ;
ಹೊರಗೆ ನಿಂತೇ ನಿದ್ದೆ ಹೋಗಿದೆ,
ಬೆನ್ನಿನ ಮೇಲೆ ಜೀನಿನ ಒದ್ದೆ ಗುರುತು.
ನಾಳೆ ಮತ್ತೆ ಅದೇ ಹೊಳೆ.

ನಿದ್ದೆಗಣ್ಣಲ್ಲಿ ಮೊಖೆಥಿ ಕೇಳುತ್ತಾನೆ,
ಬೂಟಿನ ಮೀನನ್ನು ನೀರಿಗೆ ಬಿಟ್ಟೆಯಾ ಎಂದು.
ನೆನಪಿಲ್ಲ, ಎಂದೆ.
ನಾನು ಬಿಟ್ಟೆ, ಎಂದ.